ತಣ್ಣಗಾದಷ್ಟೂ ಅಳತೆ ನಿಖರ ಆಗುತ್ತಾ?

“ರೂಮಿನ ತಾಪಮಾನದಲ್ಲಿ ಕ್ಯಾಲಿಬ್ರೇಟ್ ಮಾಡಿದ ಹಾಲ್ ಸೆನ್ಸರನ್ನು ದ್ರವ ಹೀಲಿಯಂನಲ್ಲಿ ಹಾಗೇ ಬಳಸಬಹುದಾ?”

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಹಾಲ್ ಸೆನ್ಸರ್ ಅಂದರೆ ಕಾಂತಕ್ಷೇತ್ರ ಎಷ್ಟಿದೆ ಅಂತ ವೋಲ್ಟೇಜ್ ಮೂಲಕ ಹೇಳುವ ಚಿಪ್. ಗೊತ್ತಿರುವ ಕ್ಷೇತ್ರದ ಜೊತೆ ಅದರ ಓದನ್ನು ಹೋಲಿಸಿಟ್ಟುಕೊಳ್ಳುವುದೇ ಕ್ಯಾಲಿಬ್ರೇಶನ್. ನಿಖರವಾದ ಅಳತೆ ಬೇಕಿದ್ದರೆ ಬಳಸಬೇಡಿ. ಇಷ್ಟು ಹೇಳಿದ ಕೂಡಲೇ ಅದೇ ಹಳೆಯ ವಾದ ಬರುತ್ತದೆ: “ತಣ್ಣಗಾದರೆ ನಾಯ್ಸ್ ಕಡಿಮೆ, ಅಂದಮೇಲೆ ಅಳತೆ ಇನ್ನೂ ನಿಖರ ಅಲ್ವಾ?”

ನಾಯ್ಸ್, ಅಂದರೆ ಓದಿನಲ್ಲಿ ಕಾಣುವ ಗೊತ್ತುಗುರಿಯಿಲ್ಲದ ಅಲುಗಾಟ, ಕಡಿಮೆಯಾಗುವುದು ನಿಜ. ರೆಸಿಸ್ಟೆನ್ಸ್ ಅಷ್ಟೇ ಇದ್ದರೆ, ರೂಮಿನ 300 ಕೆಲ್ವಿನ್‌ನಿಂದ ದ್ರವ ಹೀಲಿಯಂನ 4.2ಕ್ಕೆ ಇಳಿದಾಗ ಥರ್ಮಲ್ ನಾಯ್ಸ್ (ಶಾಖದಿಂದ ಹುಟ್ಟುವ ನಾಯ್ಸ್) ಸುಮಾರು ಎಂಟನೇ ಒಂದು ಭಾಗಕ್ಕೆ ಬರುತ್ತದೆ. ಆದರೆ ಮೀಟರಿನ ಮುಳ್ಳು ಅಲುಗದೆ ತಪ್ಪು ಜಾಗದಲ್ಲೂ ನಿಲ್ಲಬಹುದಲ್ಲ?

ಹಾಲ್ ವೋಲ್ಟೇಜ್ ಕಾಂತಕ್ಷೇತ್ರವೊಂದನ್ನೇ ನೋಡುವುದಿಲ್ಲ. ಸೆನ್ಸರಿನೊಳಗೆ ಓಡಾಡುವ ಎಲೆಕ್ಟ್ರಾನ್‌ಗಳು ಎಷ್ಟಿವೆ ಅನ್ನುವುದೂ ಅದರಲ್ಲಿ ಸೇರಿದೆ. ಸಾಧಾರಣ ಸಿಲಿಕಾನ್‌ನಲ್ಲಿ ಅವನ್ನು ಕೊಡುವುದು ಬೆರಕೆ ಪರಮಾಣುಗಳು. 4 ಕೆಲ್ವಿನ್ ಹತ್ತಿರ ಅವು ಎಲೆಕ್ಟ್ರಾನನ್ನು ಬಿಟ್ಟುಕೊಡುವುದೇ ಇಲ್ಲ. ಸೆನ್ಸರ್ ಮೂಕವಾಗುತ್ತದೆ. ಅದಕ್ಕೇ ಈ ಕೆಲಸಕ್ಕೆ ಇಂಡಿಯಂ ಆರ್ಸೆನೈಡ್, ಗ್ಯಾಲಿಯಂ ಆರ್ಸೆನೈಡ್‌ನಂಥ ವಸ್ತುಗಳು ಬೇಕು. ಹಾಗಂತ ಅವೂ ಹಳೆಯ ಕ್ಯಾಲಿಬ್ರೇಶನ್ ಉಳಿಸಿಕೊಳ್ಳುವುದಿಲ್ಲ. ಸೊನ್ನೆ (ಕ್ಷೇತ್ರವಿಲ್ಲದಾಗಿನ ಓದು) ಜರುಗುತ್ತದೆ, ಸೆನ್ಸಿಟಿವಿಟಿ (ಇಷ್ಟು ಕ್ಷೇತ್ರಕ್ಕೆ ಎಷ್ಟು ವೋಲ್ಟೇಜ್ ಅನ್ನುವುದು) ಬದಲಾಗುತ್ತದೆ. ಕ್ಷೇತ್ರ ಜಾಸ್ತಿಯಾದಾಗ ಕೆಲವು ಸೆನ್ಸರ್‌ಗಳಲ್ಲಿ ಗ್ರಾಫಿನ ನೇರ ಗೆರೆಯ ಮೇಲೆ ಸಣ್ಣ ಅಲೆಗಳು ಏಳುತ್ತವೆ. ಇವು ಎಲೆಕ್ಟ್ರಾನ್‌ಗಳ ಕ್ವಾಂಟಮ್ ನಡವಳಿಕೆಯಿಂದ ಬರುವ ಶುಬ್ನಿಕೋವ್–ಡಿ ಹಾಸ್ ಆಂದೋಲನಗಳು. ನಾಯ್ಸ್ ಅಲ್ಲ, ಸಾವಿರ ಸಲ ಸರಾಸರಿ ತೆಗೆದರೂ ಹೋಗುವುದಿಲ್ಲ!

ಇನ್ನು ಸೆನ್ಸರನ್ನು ಹಿಡಿದಿಡುವ ಹೋಲ್ಡರ್. ಅಲ್ಯೂಮಿನಿಯಂ ಆದರೆ 4 ಕೆಲ್ವಿನ್‌ಗೆ ಬರುವಷ್ಟರಲ್ಲಿ ಸುಮಾರು 0.4% ಕುಗ್ಗಿರುತ್ತದೆ. ಅಂಟು ಇನ್ನೂ ಜಾಸ್ತಿ ಕುಗ್ಗುತ್ತದೆ. ಈ ಎಳೆದಾಟದಲ್ಲಿ ಚಿಪ್ ಎರಡೂವರೆ ಡಿಗ್ರಿ ವಾಲಿದರೆ ಸಾಕು, ಸಾವಿರಕ್ಕೆ ಒಂದರಷ್ಟು ತಪ್ಪು ಬಂತು. ತಂತಿಯ ಒಂದು ತುದಿ ಬೆಚ್ಚಗೆ, ಇನ್ನೊಂದು ಹೀಲಿಯಂನಲ್ಲಿ. ಅದರಿಂದಲೂ ಕೆಲವು ಮೈಕ್ರೋವೋಲ್ಟ್ ಸುಮ್ನೆ ಬಂದು ಸೇರುತ್ತದೆ. ಕರೆಂಟಿನ ದಿಕ್ಕು ತಿರುಗಿಸಿ ಎರಡು ಸಲ ಓದಿ, ವ್ಯತ್ಯಾಸದ ಅರ್ಧ ತೆಗೆದುಕೊಳ್ಳಿ. ಈ ಕಲಬೆರಕೆ ಕಳೆದುಹೋಗುತ್ತದೆ.

ಹಾಗಾದರೆ ದಾರಿ? ಬಳಸುವ ತಾಪಮಾನದಲ್ಲೇ, ಎನ್‌ಎಂಆರ್ (ಪರಮಾಣು ನ್ಯೂಕ್ಲಿಯಸ್‌ಗಳು ಸ್ಪಂದಿಸುವ ರೇಡಿಯೋ ಅಲೆಯ ಆವರ್ತನದಿಂದ ಕ್ಷೇತ್ರ ಅಳೆಯುವ ವಿಧಾನ) ಜೊತೆ ಹೋಲಿಸಿ ಕ್ಯಾಲಿಬ್ರೇಟ್ ಮಾಡಬೇಕು. ರೂಮಿನ ತಾಪಮಾನದಲ್ಲಿ ಇದಕ್ಕೆ ನೀರು ಸಾಕು, ಅದರ ಪ್ರೋಟಾನ್‌ಗಳು 1 ಟೆಸ್ಲಾ ಕ್ಷೇತ್ರಕ್ಕೆ ಸುಮಾರು 42.58 ಮೆಗಾಹರ್ಟ್ಸ್ ಕೊಡುತ್ತವೆ. ಚಳಿಯಲ್ಲಿ ನೀರು ಮಂಜುಗಡ್ಡೆಯಾಗಿ ಸಿಗ್ನಲ್ ಹರಡಿಹೋಗುತ್ತದೆ. ಅಲ್ಲಿ ಅಲ್ಯೂಮಿನಿಯಂ ಪುಡಿ ಕೈ ಹಿಡಿಯುತ್ತದೆ, 1 ಟೆಸ್ಲಾಗೆ ಸುಮಾರು 11.1 ಮೆಗಾಹರ್ಟ್ಸ್. ಪುಡಿಯೇ ಯಾಕೆ ಅಂದರೆ, ಗಟ್ಟಿ ಲೋಹದಲ್ಲಿ ರೇಡಿಯೋ ಅಲೆ ಮೇಲ್ಪದರ ದಾಟಿ ಒಳಗೆ ಇಳಿಯುವುದಿಲ್ಲ. ನನಗೆ ಬಹಳ ಇಷ್ಟವಾದ ಉಪಾಯ ಇದು.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಸೆನ್ಸರಿನ ಸೊನ್ನೆ ನೋಡಲು ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನ (ತೀರಾ ತಣ್ಣಗಿದ್ದಾಗ ರೆಸಿಸ್ಟೆನ್ಸ್ ಇಲ್ಲದ ತಂತಿಯ ಮ್ಯಾಗ್ನೆಟ್) ಕರೆಂಟನ್ನು ಸೊನ್ನೆಗೆ ತಂದಿರಿ. ಕ್ಷೇತ್ರವೂ ಸೊನ್ನೆಯಾಯಿತಾ? ಇಲ್ಲ. ಅದರ ತಂತಿಯೊಳಗೆ ಸಿಕ್ಕಿಕೊಂಡ ಫ್ಲಕ್ಸ್‌ನಿಂದ, ಅಂದರೆ ಉಳಿದ ಕಾಂತಕ್ಷೇತ್ರದ ಎಳೆಗಳಿಂದ, ಕೆಲವು ಮಿಲಿಟೆಸ್ಲಾ ಉಳಿದಿರಬಹುದು. ಭೂಮಿಯ ಕ್ಷೇತ್ರವೇ ಸುಮಾರು 0.05 ಮಿಲಿಟೆಸ್ಲಾ! ನಯೋಬಿಯಂ–ಟೈಟಾನಿಯಂ ಮ್ಯಾಗ್ನೆಟ್ ಆದರೆ ಅದನ್ನು ಸೂಪರ್‌ಕಂಡಕ್ಟಿಂಗ್ ಗುಣ ಹೋಗಿ ಆ ಫ್ಲಕ್ಸ್ ಬಿಟ್ಟುಹೋಗಲು ಸುಮಾರು 10 ಕೆಲ್ವಿನ್ ದಾಟುವಷ್ಟು ಬೆಚ್ಚಗೆ ಮಾಡಿ, ಮತ್ತೆ ತಣಿಸಿ, ಆಮೇಲೆ ಸೊನ್ನೆ ಬರೆದುಕೊಳ್ಳಿ.