ಆದಾಯ ಕಡಿಮೆ ತೋರಿಸಿ, ಸಾಲ ಹೆಚ್ಚು ಕೊಡಿಸಿ

ಮಹಾರಾಷ್ಟ್ರ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾ ಮುಂಬಯಿಯಲ್ಲಿ ಆದಾಯದ ವರ್ಗ ನೋಡಿ, ಲಾಟರಿ ಎತ್ತಿ ಮನೆ ಮಾರುತ್ತದೆ. ಆ ಲಾಟರಿಯ ಜಾಹೀರಾತು ಹೊರಬಿದ್ದ ವಾರ, ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ನನ್ನ ಕಚೇರಿಗೆ ಬರುವ ನಮ್ಮ ಕನ್ನಡದವರಲ್ಲಿ ಹಲವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಒಂದೇ: “ಈ ಸಲ ರಿಟರ್ನ್‌ನಲ್ಲಿ ಆದಾಯ ಸ್ವಲ್ಪ ಕಡಿಮೆ ತೋರಿಸಿಬಿಡಿ.” ಅದೃಷ್ಟ ಖುಲಾಯಿಸಿ ಪಟ್ಟಿಯಲ್ಲಿ ಹೆಸರು ಬಂದರೆ ಅದೇ ಜನ ಬ್ಯಾಂಕಿನ ಅರ್ಜಿ ಹಿಡಿದು ಬರುತ್ತಾರೆ: “ಸ್ವಲ್ಪ ಹೆಚ್ಚು ತೋರಿಸಲು ಆಗುತ್ತದೆಯೇ?” ಮಳೆ ಬಂದಾಗ ಬಿಚ್ಚಿ, ನಿಂತಾಗ ಮಡಚಿಡಲು ಆದಾಯವೇನು ಕೊಡೆಯೇ? ಮ್ಹಾಡಾ ನೋಡುವುದೂ ಬ್ಯಾಂಕು ನೋಡುವುದೂ ಅದೇ ರಿಟರ್ನ್. ಇದನ್ನು ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆಯಲು ಕುಳಿತಿದ್ದೇನೆ.

ನನ್ನ ಕಚೇರಿ ಮುಂಬಯಿಯ ಪೊವಾಯಿಯ ಅಂಚಿನಲ್ಲಿದೆ. ಕೆರೆಯ ಮಗ್ಗುಲಲ್ಲಿ ಐಐಟಿ, ಇತ್ತ ಗಾಜಿನ ಕಚೇರಿಗಳು, ದಪ್ಪ ಕಂಬಗಳ ಎತ್ತರದ ಕಟ್ಟಡಗಳು. ಇಲ್ಲಿನ ದೊಡ್ಡದೊಂದು ಪ್ರದೇಶವನ್ನು 1986ರ ಒಪ್ಪಂದದಲ್ಲಿ ಬಿಲ್ಡರರಿಗೆ ಹೆಕ್ಟೇರಿಗೆ ಒಂದು ರೂಪಾಯಿಯ ನಾಮಮಾತ್ರ ಗುತ್ತಿಗೆಗೆ ಕೊಟ್ಟದ್ದು 40 ಮತ್ತು 80 ಚದರ ಮೀಟರಿನ ಮನೆಗಳಿಗಾಗಿ ಎಂದರೆ ಈಚೆಗೆ ಬಂದವರು ನಂಬುವುದಿಲ್ಲ. ವ್ಯಾಜ್ಯ ಬಾಂಬೆ ಹೈಕೋರ್ಟಿಗೆ ಹೋಗಿ, ಮೊದಲು ಸಣ್ಣ ಮನೆಗಳನ್ನು ಕಟ್ಟಬೇಕೆಂದು 2012ರಲ್ಲಿ ಆದೇಶವಾಯಿತು. ಆ ಕತೆ ಇನ್ನೊಂದು ಅಂಕಣಕ್ಕಾಗುವಷ್ಟಿದೆ. ಈ ಕಟ್ಟಡಗಳ ಕ್ಯಾಂಟೀನು ನಡೆಸುವವರು, ಕಾರು ಓಡಿಸುವವರು, ಮಕ್ಕಳಿಗೆ ಪಾಠ ಹೇಳುವವರು ಇಲ್ಲೇ ಮನೆ ಕೊಳ್ಳಬೇಕೆಂದರೆ ಲಾಟರಿಯೊಂದೇ ಗತಿ. 2024ರಲ್ಲಿ ಮ್ಹಾಡಾದ ಮುಂಬಯಿ ಮಂಡಳಿ ಲಾಟರಿಗಿಟ್ಟ ಮನೆಗಳು 2,030. ಅವುಗಳಲ್ಲಿ ಪೊವಾಯಿಯ ಕೊಪರಿಯವೂ ಇದ್ದವು, ಪಕ್ಕದ ವಿಕ್ರೋಲಿಯ ಕನ್ನಮ್‌ವಾರ್ ನಗರದವೂ ಇದ್ದವು. ಅರ್ಜಿಗಳು ಲಕ್ಷ ದಾಟಿದ್ದವು.

ಮ್ಹಾಡಾದ ಆದಾಯ ಮಿತಿಗಳ 2022ರ ಪರಿಷ್ಕರಣೆಯ ನಂತರ ಮುಂಬಯಿಯಲ್ಲಿ ವರ್ಷಕ್ಕೆ 6 ಲಕ್ಷ ರೂಪಾಯಿವರೆಗಿನ ಕುಟುಂಬ ಆರ್ಥಿಕವಾಗಿ ದುರ್ಬಲ ವರ್ಗ, 9 ಲಕ್ಷದವರೆಗೆ ಅಲ್ಪ ಆದಾಯ, 12 ಲಕ್ಷದವರೆಗೆ ಮಧ್ಯಮ ಆದಾಯ, ಅದರಾಚೆ ಉನ್ನತ ಆದಾಯ. ಕುಟುಂಬವೆಂದರೆ ಇಲ್ಲಿ ಗಂಡ ಮತ್ತು ಹೆಂಡತಿ. ಅಪ್ಪನ ಪಿಂಚಣಿಯನ್ನಾಗಲಿ, ದುಡಿಯುವ ಮಗನ ಸಂಬಳವನ್ನಾಗಲಿ ಸೇರಿಸಬೇಕಾಗಿಲ್ಲ. ನಮ್ಮವರು ಮಾಡುವುದು ಸರಿಯಾಗಿ ಇದರ ತಿರುವುಮುರುವು. ಅಪ್ಪನ ಪಿಂಚಣಿಯನ್ನು ಎಣಿಸಿ ಹೆದರುತ್ತಾರೆ, ಹೆಂಡತಿಯ ಗಳಿಕೆಯನ್ನು ಮರೆಯುತ್ತಾರೆ.

ಕುಂದಾಪುರದ ಕಡೆಯ ಒಬ್ಬರು ಇಲ್ಲಿನ ಕಚೇರಿ ಸಂಕೀರ್ಣವೊಂದರಲ್ಲಿ ಸಣ್ಣ ಕ್ಯಾಂಟೀನು ನಡೆಸುತ್ತಾರೆ. ಖರ್ಚು ಕಳೆದು ವರ್ಷಕ್ಕೆ 7 ಲಕ್ಷದ ಹತ್ತಿರ ಉಳಿಯುತ್ತದೆ. ಅದನ್ನು 3.6 ಲಕ್ಷವೆಂದು ತೋರಿಸಬೇಕೆಂಬುದು ಅವರ ಹಟ. “ಮನೆಯವರಿಗೆ ಆದಾಯವಿದೆಯೇ?” ಎಂದು ಕೇಳಿದೆ. “ಛೆ, ಎಲ್ಲಿಯ ಆದಾಯ” ಎಂದರು. ಪಕ್ಕದಲ್ಲಿ ಕುಳಿತಿದ್ದ ಆಕೆ ಮಾತಾಡಲಿಲ್ಲ. ಚೀಲದಿಂದ ರಟ್ಟು ಹರಿದ ಒಂದು ಪುಸ್ತಕ ತೆಗೆದು ನನ್ನ ಕಡೆ ಸರಿಸಿದರು. ಊಟದ ಡಬ್ಬಿಗಳ ಲೆಕ್ಕ: ಎಡಕ್ಕೆ ಹುಡುಗರ ಹೆಸರು, ನಡುವೆ ತಾರೀಖು, ಬಲಕ್ಕೆ ಬಾಕಿ. ಕೊಬ್ಬರಿ ಎಣ್ಣೆಯಿಂದ ಹಿಡಿದು ಗ್ಯಾಸಿನವರೆಗೆ ಖರ್ಚೆಲ್ಲ ಹಿಂಬದಿಯ ಪುಟಗಳಲ್ಲಿ. ತಿಂಗಳಿಗೆ 15,000 ರೂಪಾಯಿ ಉಳಿತಾಯ. ಗಂಡನ ಕ್ಯಾಂಟೀನಿಗೆ ಅಷ್ಟು ಚೊಕ್ಕ ಲೆಕ್ಕವಿರಲಿಲ್ಲ, ಈಗಲೂ ಇಲ್ಲ.

ಈಗ ಅವರ ಉಪಾಯ ಫಲಿಸಿತೆಂದೇ ಇಟ್ಟುಕೊಳ್ಳಿ. ಕಾನೂನಿನ ಮಾತನ್ನೂ ಸದ್ಯಕ್ಕೆ ಬದಿಗಿಡೋಣ. ಸುಳ್ಳು ಹೇಳಿ ಪಡೆದ ಮನೆಯನ್ನು ಪರಿಶೀಲನೆಯಲ್ಲಿ ರದ್ದು ಮಾಡಬಹುದೆಂಬುದು ಎಲ್ಲರಿಗೂ ಗೊತ್ತಿರಬೇಕು. ದುರ್ಬಲ ವರ್ಗದಲ್ಲಿ 30 ಲಕ್ಷದ ಮನೆ ಬಂತು. ಬ್ಯಾಂಕು ಹೆಚ್ಚೆಂದರೆ ಶೇ. 90ರಷ್ಟು, ಅಂದರೆ 27 ಲಕ್ಷ ಕೊಡಬಹುದು. ಆದರೆ 3.6 ಲಕ್ಷದ ರಿಟರ್ನ್ ಎಂದರೆ ತಿಂಗಳಿಗೆ 30,000. ಅದರಲ್ಲಿ ಅರ್ಧವನ್ನು ಕಂತಿಗೆಂದು ಬ್ಯಾಂಕು ಒಪ್ಪಿದರೂ, ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ಸಿಗುವ ಸಾಲ ಸುಮಾರು 17 ಲಕ್ಷ. ಉಳಿದ 13 ಲಕ್ಷಕ್ಕೆ ಹೆಂಡತಿಯ ಕರಿಮಣಿಯವರೆಗೆ ಹೋಗಬೇಕು, ಇಲ್ಲವೇ ಮನೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟವರನ್ನು ನಾನು ಕಂಡಿದ್ದೇನೆ.

ನಿಜ ಹೇಳಿದರೆ? ಇಬ್ಬರದೂ ಸೇರಿ 8.8 ಲಕ್ಷ, ಅಲ್ಪ ಆದಾಯ ವರ್ಗ. 2023ರ ಲಾಟರಿಯಲ್ಲಿ ಗೋರೆಗಾಂವ್ ಪಹಾಡಿಯ ಆ ವರ್ಗದ ಮನೆಗೆ 46 ಲಕ್ಷದ ಆಸುಪಾಸು ಬೆಲೆಯಿತ್ತು. ಅದರ ಶೇ. 80 ಸಾಲವೆಂದರೆ ತಿಂಗಳ ಕಂತು ಸುಮಾರು 32,000. ತಿಂಗಳಿಗೆ 73,000 ತೋರಿಸುವ ದಂಪತಿಗೆ ಇದು ಬಿಗಿಯಾದರೂ ಅಸಾಧ್ಯವಲ್ಲ. ಬ್ಯಾಂಕು ಬ್ಯಾಂಕಿಗೂ ಲೆಕ್ಕ ಬೇರೆ, ಹಳೆಯ ಸಾಲವಿದ್ದರೆ ಇನ್ನೂ ಬೇರೆ, ಎರಡು ಮೂರು ವರ್ಷದ ರಿಟರ್ನ್ ಕೇಳುವುದೂ ಉಂಟು.

“ಹಾಗಾದರೆ ತೆರಿಗೆ?” ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಮ್ಹಾಡಾ ಗಂಡ ಹೆಂಡತಿಯ ಆದಾಯವನ್ನು ಕೂಡಿಸುತ್ತದೆ. ಆದಾಯ ತೆರಿಗೆ ಇಲಾಖೆ ಕೂಡಿಸುವುದಿಲ್ಲ. ಅವರದು ಅವರ ಪ್ಯಾನ್‌ನಲ್ಲಿ, ಆಕೆಯದು ಆಕೆಯ ಪ್ಯಾನ್‌ನಲ್ಲಿ. 2023-24ರಲ್ಲೇ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗೆ ರಿಯಾಯಿತಿ ಕಳೆದು ತೆರಿಗೆ ಸೊನ್ನೆಯಾಗುತ್ತಿತ್ತು. 2025-26ರಿಂದ ಆ ಮಿತಿ 12 ಲಕ್ಷಕ್ಕೆ ಏರಿದೆ. ಷೇರು ಮಾರಿದ ಲಾಭದಂತಹ ವಿಶೇಷ ದರದ ಆದಾಯ ಬೇರೆ ಮಾತು. ಕ್ಯಾಂಟೀನು, ಡಬ್ಬಿಯವರಿಗೆ ಅದರ ಗೊಡವೆಯಿಲ್ಲ. ಅಂದರೆ ಈ ಮಹಾನುಭಾವರು ಕೊಡಬೇಕಾಗಿಯೇ ಇರದ ತೆರಿಗೆಯನ್ನು ಉಳಿಸಲು ಬಚ್ಚಿಟ್ಟು, ಸಿಗಬಹುದಾದ ಸಾಲವನ್ನು ಕಳೆದುಕೊಳ್ಳುತ್ತಾರೆ!

ಆಮೇಲೆ ತಿದ್ದಬಹುದಲ್ಲ ಎನ್ನುವವರಿಗೆ: ಅಪ್‌ಡೇಟೆಡ್ ರಿಟರ್ನ್‌ಗೆ ಈಗ ನಾಲ್ಕು ವರ್ಷದ ಅವಕಾಶವಿದೆ, ತೆರಿಗೆ ಬಾಕಿ ಬಿದ್ದರೆ ಅದರ ಮೇಲೆ ಶೇ. 25ರಿಂದ 70ರವರೆಗೆ ಹೆಚ್ಚುವರಿ ಕಟ್ಟಬೇಕು. ಆದರೆ ಅದೇ ವರ್ಷದ ಆದಾಯವನ್ನು ಏರಿಸಿದ ಕ್ಷಣ ನೀವು ಯಾವ ವರ್ಗದಲ್ಲಿ ಮನೆ ಗೆದ್ದಿರೋ ಆ ವರ್ಗಕ್ಕೇ ಸಲ್ಲದವರಾಗುತ್ತೀರಿ. ಲಾಟರಿಯಲ್ಲಿ ಲೆಕ್ಕಕ್ಕೆ ಬರುವುದು ಹಿಂದಿನ ಆರ್ಥಿಕ ವರ್ಷ. ಜಾಹೀರಾತು ಬಂದ ಮೇಲೆ ನನ್ನ ಬಳಿಗೆ ಓಡಿ ಬಂದರೆ ಆ ವರ್ಷ ಮುಗಿದೇ ಹೋಗಿರುತ್ತದೆ.

ಇನ್ನು ಎತ್ತರದ ಕಟ್ಟಡಗಳ ಬಾಡಿಗೆದಾರರು. ಇಬ್ಬರೂ ಸಾಫ್ಟ್‌ವೇರ್, ಒಟ್ಟು 30 ಲಕ್ಷ, “ನಮ್ಮದು ಮಿಡ್ಲ್ ಕ್ಲಾಸ್” ಎನ್ನುತ್ತಾ ಮಧ್ಯಮ ವರ್ಗದ ಅರ್ಜಿ ತೆರೆಯುತ್ತಾರೆ. ನೆರೆಮನೆಯ ಕಾರು ನೋಡಿ ವರ್ಗ ತೀರ್ಮಾನಿಸಿದರೆ ಪೊವಾಯಿಯಲ್ಲಿ ಎಲ್ಲರೂ ಬಡವರೇ. ಹಾಗೆಂದು ನಿಯಮವೂ ನ್ಯಾಯವಾಗಿದೆ ಎನ್ನಲಾರೆ. ಉನ್ನತ ವರ್ಗಕ್ಕೆ ಮೇಲ್ಮಿತಿಯೇ ಇಲ್ಲ. 13 ಲಕ್ಷದ ಶಿಕ್ಷಕ ದಂಪತಿಯೂ ಕೋಟಿ ಗಳಿಸುವ ವೈದ್ಯರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. 2023ರಲ್ಲಿ ತಾಡ್‌ದೇವ್‌ನ 7 ಕೋಟಿ ದಾಟಿದ ಮನೆಯೂ ಲಾಟರಿಯಲ್ಲಿತ್ತು. ಅದನ್ನು ಕೈಗೆಟಕುವ ವಸತಿ ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆಯ ಮಿತಿಗಳನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ವರ್ಗಗಳು 3, 6, 9 ಲಕ್ಷ. ಬಡ್ಡಿ ಸಹಾಯಧನ ಬೇಕೆಂದರೆ ಮನೆಯ ಬೆಲೆ 35 ಲಕ್ಷ ಮೀರಬಾರದು. ಊರಿನಲ್ಲಿ ನಿಮ್ಮ ಹೆಸರಿನಲ್ಲಿ ಪಕ್ಕಾ ಮನೆಯಿದ್ದರೆ ಕೇಂದ್ರದ ಯೋಜನೆಗೆ ಅದು ಅಡ್ಡಿ. ಮ್ಹಾಡಾ ಮುಖ್ಯವಾಗಿ ಕೇಳುವುದು ಇಲ್ಲಿ ನಿಮಗೆ ಮನೆಯಿದೆಯೇ ಎಂದು. ಆಯಾ ಜಾಹೀರಾತಿನ ಷರತ್ತು ಓದಿಯೇ ಮುಂದುವರಿಯಿರಿ.

ಡಬ್ಬಿಯ ಆಕೆ ಮರುವರ್ಷದಿಂದ ತನ್ನದೇ ರಿಟರ್ನ್ ಸಲ್ಲಿಸುತ್ತಿದ್ದಾರೆ. ಲಾಟರಿ ಇನ್ನೂ ಒಲಿದಿಲ್ಲ. ಕಳೆದ ಸಲ ಬಂದಾಗ ಗಂಡನ ಕ್ಯಾಂಟೀನಿನ ಲೆಕ್ಕವನ್ನೂ ತಾನೇ ಬರೆಯುವುದಾಗಿ ಹೇಳಿದರು. ಗಂಡ ಸುಮ್ಮನೆ ತಲೆಯಾಡಿಸಿದರು.