ಕಿವಿಯೊಳಗೆ ಹಳೆಯ ದವಡೆ

ಕೈ ಹೋಗಿ ರೆಕ್ಕೆ ಆಗಿದ್ದು ಹೇಗೆ ಸರ್? ಪ್ರಾಣಿಗಳ ಅಂಗರಚನೆಯನ್ನು ಹೋಲಿಸಿ ನೋಡುವ ಪಾಠದಲ್ಲಿ ಪ್ರತಿ ವರ್ಷ ಯಾರಾದರೂ ಹೀಗೆ ಕೇಳುತ್ತಾರೆ. ಬಾವಲಿಯ ರೆಕ್ಕೆಯ ಮೂಳೆಗಳನ್ನು ಮನುಷ್ಯನ ಕೈಮೂಳೆಗಳ ಪಕ್ಕ ಇಟ್ಟು ನೋಡಿದರೆ ಮಣಿಕಟ್ಟು, ಹೆಬ್ಬೆರಳು, ಉಳಿದ ನಾಲ್ಕು ಬೆರಳು ಎಲ್ಲ ಲೆಕ್ಕಕ್ಕೆ ಸಿಗುತ್ತವೆ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಲ್ಲ. ಪೂರ್ತಿ ಬೆಳೆದ ಯಾವ ಕೈಯೂ ರೆಕ್ಕೆಯಾಗಿಲ್ಲ. ಬದಲಾಗಿದ್ದು ಭ್ರೂಣದಲ್ಲಿ ಕೈ ಬೆಳೆಯುವ ರೀತಿ.

ಅದಕ್ಕೇ ನಾನು ಮೊದಲು ಮೊಟ್ಟೆಯೊಳಗಿನ ಕಾಲು ತೋರಿಸುತ್ತೇನೆ. ಕೋಳಿ, ಬಾತುಕೋಳಿ ಎರಡರ ಪಾದವೂ ಶುರುವಿನಲ್ಲಿ ದೋಣಿಯ ಹುಟ್ಟಿನಂತೆ ಚಪ್ಪಟೆ. ಬೆರಳುಗಳ ನಡುವೆ ಪೂರ್ತಿ ತೊಗಲು. ಕೋಳಿಯಲ್ಲಿ ಬಿಎಂಪಿ ಎಂಬ ಪ್ರೋಟೀನ್‌ಗಳ ಸಂಕೇತ ಬಂದಾಗ ಆ ತೊಗಲಿನ ಜೀವಕೋಶಗಳು ಸಾಯುತ್ತವೆ, ಬೆರಳು ಬಿಡಿಬಿಡಿಯಾಗುತ್ತವೆ. ಬಾತುಕೋಳಿಯಲ್ಲೂ ಸಂಕೇತ ಇದೆ. ಆದರೆ ಗ್ರೆಮ್ಲಿನ್ ಎಂಬ ಇನ್ನೊಂದು ಪ್ರೋಟೀನ್ ಅದನ್ನು ತಡೆಯುತ್ತದೆ, ತೊಗಲು ಉಳಿಯುತ್ತದೆ. ಕೋಳಿ ಭ್ರೂಣದ ಬೆರಳುಗಳ ನಡುವೆ ಗ್ರೆಮ್ಲಿನ್ ಇಟ್ಟು ನೋಡಿದವರಿದ್ದಾರೆ. ಅಲ್ಲೂ ತೊಗಲು ಉಳಿಯಿತು! ಬಾವಲಿಯ ರೆಕ್ಕೆ ಬೆಳೆಯುವಾಗಲೂ ಬೆರಳುಗಳ ನಡುವೆ ಗ್ರೆಮ್ಲಿನ್ ಇರುತ್ತದೆ.

ಆದರೆ ನನಗೆ ಜಾಸ್ತಿ ಇಷ್ಟ ಕಿವಿಯ ಕತೆ.

ಇಲಿಯ ಭ್ರೂಣವನ್ನು ಗಾಜಿನಂತೆ ತಿಳಿಯಾಗಿಸಿ ಎರಡು ಬಣ್ಣ ಹಾಕುತ್ತೇವೆ. ಮೆದುಮೂಳೆ ನೀಲಿ, ಗಟ್ಟಿ ಮೂಳೆ ಕೆಂಪು. ಸೂಕ್ಷ್ಮದರ್ಶಕದ ಕೆಳಗೆ ಕೆಳದವಡೆಯ ಒಳಬದಿಯಲ್ಲಿ ಒಂದು ನೀಲಿ ಕಡ್ಡಿ ಕಾಣುತ್ತದೆ. ಅದನ್ನೇ ಹಿಡಿದು ಹಿಂದಕ್ಕೆ ಹೋದರೆ ತುದಿಯಲ್ಲಿ ಸಿಗುವುದು ಕಿವಿಯ ಸುತ್ತಿಗೆ ಮೂಳೆ. ನಡುವೆ ಎಲ್ಲೂ ತುಂಡಾಗಿಲ್ಲ. ಅದಕ್ಕೆ ತಾಗಿಕೊಂಡೇ ಅಡಿಗಲ್ಲು ಮೂಳೆ. ಹಲ್ಲಿ, ಮೊಸಳೆಗಳಲ್ಲಿ ಇವೇ ಎರಡು ಸೇರಿ ದವಡೆಯ ಕೀಲು ಆಗುತ್ತವೆ. ಜರ್ಮನಿಯ ಅಂಗರಚನಾ ತಜ್ಞ ರೈಕರ್ಟ್ 1837ರಲ್ಲೇ ಭ್ರೂಣಗಳನ್ನು ನೋಡಿ ಈ ನಂಟನ್ನು ಹೇಳಿದ್ದರು. ಡಾರ್ವಿನ್ನರ ವಿಕಾಸವಾದ ಅಚ್ಚಾಗಿದ್ದು ಅದಾಗಿ 22 ವರ್ಷಕ್ಕೆ.

ಹಾಗಾದರೆ ದವಡೆಯ ಕೀಲು ಕಿವಿಗೆ ಹೋಗುವಾಗ ಪ್ರಾಣಿ ಅಗಿದಿದ್ದು ಹೇಗೆ? ಒಳ್ಳೆಯ ಪ್ರಶ್ನೆ ಅಲ್ವಾ? ಸುಮಾರು 20 ಕೋಟಿ ವರ್ಷ ಹಿಂದಿನ ಮಾರ್ಗನುಕೋಡಾನ್ ಎಂಬ ಪುಟ್ಟ ಪ್ರಾಣಿ ಸಸ್ತನಿಗಳ ಹಳೆಯ ನೆಂಟ. ಅದರ ದವಡೆಯಲ್ಲಿ ಹಲ್ಲಿಗಳಲ್ಲಿರುವಂಥ ಹಳೆಯ ಕೀಲು, ಇಂದಿನ ಸಸ್ತನಿಗಳಲ್ಲಿರುವಂಥ ಹೊಸ ಕೀಲು ಎರಡೂ ಅಕ್ಕಪಕ್ಕದಲ್ಲೇ ಇದ್ದವು. ಹೊಸದು ಭಾರ ಹೊರತೊಡಗಿದ ಮೇಲೆ ಹಳೆಯದಕ್ಕೆ ಬಿಡುವು ಸಿಕ್ಕಿತು. ಇಂದಿಗೂ ಕಾಂಗರೂವಿನ ದೂರದ ನೆಂಟ ಒಪಾಸಮ್‌ನ ಮರಿ ಹುಟ್ಟುವಾಗ ಅದರ ಹೊಸ ಕೀಲು ತಯಾರಾಗಿರುವುದಿಲ್ಲ. ಮುಂದೆ ಕಿವಿಗೆ ಸೇರಬೇಕಾದ ತುಂಡುಗಳೇ ಅಷ್ಟು ದಿನ ದವಡೆಗೆ ಆಸರೆ. ಇಲಿಮರಿಯಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಆ ನೀಲಿ ಕಡ್ಡಿ ನಡುವೆ ಕರಗತೊಡಗುತ್ತದೆ, ಸುತ್ತಿಗೆ ದವಡೆಯಿಂದ ಬಿಡಿಸಿಕೊಳ್ಳುತ್ತದೆ.