ಓದುಗರ ಪ್ರಶ್ನೆ: ಪ್ರಾಜೆಕ್ಟಿಗೆ ಎಷ್ಟು ದೇಶ ತಗೋಬೇಕು ಸರ್?

ಪ್ರಶ್ನೆ: ಬಳ್ಳಾರಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಊರು ಸಂಡೂರಿನ ಹತ್ತಿರ. ‘ಅಭಿವೃದ್ಧಿಶೀಲ ದೇಶಗಳ ರಾಜಕೀಯ’ ವಿಷಯಕ್ಕೆ ಎರಡು ತಿಂಗಳಲ್ಲಿ ಪ್ರಾಜೆಕ್ಟ್ ಕೊಡಬೇಕು. ಎಷ್ಟು ದೇಶ ತಗೋಬೇಕು ಸರ್? ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡು ಸಾಕು. ಆದರೆ ದೇಶ ಆಮೇಲೆ, ಮೊದಲು ಒಂದು ಪ್ರಶ್ನೆ ಹಿಡಿಯಿರಿ.

ಐದಾರು ದೇಶ ತುಂಬಿಸಿದ ಪ್ರಾಜೆಕ್ಟುಗಳನ್ನು ಬೇಕಾದಷ್ಟು ನೋಡಿದ್ದೇನೆ. ರಾಜಧಾನಿ, ಜನಸಂಖ್ಯೆ, ಅಧ್ಯಕ್ಷರ ಹೆಸರು, ಬಣ್ಣದ ಧ್ವಜ, ಮೇಲೊಂದು ಸ್ಪೈರಲ್ ಬೈಂಡಿಂಗ್. ಅದರಿಂದ ಜೆರಾಕ್ಸ್ ಅಂಗಡಿಯವರಿಗೆ ಬಿಟ್ಟು ಬೇರೆ ಯಾರಿಗೂ ಲಾಭವಿಲ್ಲ.

ಸಂಡೂರಿನ ಕಡೆಯವರು ಅಂದಮೇಲೆ ನಿಮ್ಮ ಪ್ರಶ್ನೆ ದಿನಾ ಮನೆ ಮುಂದೆಯೇ ಕಬ್ಬಿಣದ ಅದಿರಿನ ಲಾರಿಯಲ್ಲಿ ಹೋಗುತ್ತಿರುತ್ತದೆ. ನೆಲದಡಿಯ ಸಂಪತ್ತಿನ ದುಡ್ಡು ಯಾರ ಕೈ ಸೇರುತ್ತದೆ? ಅದರ ಲೆಕ್ಕ ಕೇಳುವವರು ಯಾರು?

ಈಗ ದೇಶಗಳು ತಾವಾಗಿಯೇ ಸಿಗುತ್ತವೆ. ಆಫ್ರಿಕಾದ ಬೋಟ್ಸ್ವಾನ 1966ರಲ್ಲಿ ಸ್ವತಂತ್ರವಾಯಿತು, ಮರುವರ್ಷವೇ ಅಲ್ಲಿನ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದೇ ವರ್ಷದ ಕಾನೂನು ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ಸರ್ಕಾರಕ್ಕೆ ತಂದಿತು. ಅಲ್ಲಿ ಚುನಾವಣೆ ನಿಂತೇ ಇಲ್ಲ. ಒಂದೇ ಪಕ್ಷ 58 ವರ್ಷ ಆಳಿ 2024ರಲ್ಲಿ ಸೋತು ಇಳಿಯಿತು. ನೈಜೀರಿಯಾದ ಕತೆ ಬೇರೆ. 1956ರಲ್ಲಿ ಕಚ್ಚಾತೈಲ ಸಿಕ್ಕಿತು, 1960ರಲ್ಲಿ ಸ್ವಾತಂತ್ರ್ಯ ಬಂತು, 1966ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, 1967ರಿಂದ 70ರವರೆಗೆ ಅಂತರ್ಯುದ್ಧ. ನಡುವೆ ನಾಲ್ಕು ವರ್ಷ ಬಿಟ್ಟರೆ 1999ರವರೆಗೂ ಹೆಚ್ಚುಕಡಿಮೆ ಸೇನೆಯದೇ ಆಟ. ಎರಡೂ ಬ್ರಿಟಿಷರ ಕೈಯಲ್ಲಿದ್ದ ದೇಶಗಳೇ. ಮತ್ತೆ ಯಾಕೆ ಹೀಗಾಯ್ತು? ಬೋಟ್ಸ್ವಾನದಲ್ಲಿ ಜನ ತುಂಬಾ ಕಡಿಮೆ ಅನ್ನೋದನ್ನೂ ಬರೆಯಿರಿ. ಸುಮ್ನೆ ಒಂದನ್ನು ಒಳ್ಳೆಯದು, ಇನ್ನೊಂದನ್ನು ಕೆಟ್ಟದ್ದು ಮಾಡಿ ಮುಗಿಸಬೇಡಿ.

ಮೂರನೇ ಅಧ್ಯಾಯ ನಿಮ್ಮ ಜಿಲ್ಲೆ. ಬಳ್ಳಾರಿ ಅಂದ ಕೂಡಲೇ ಗಣಿಧಣಿಗಳ ಕತೆ ಬರೆಯೋಣ ಅನ್ನಿಸುತ್ತದೆ. ಅದು ಎಲ್ಲರಿಗೂ ಗೊತ್ತು, ಬಿಡಿ. ನಿಯಮಗಳನ್ನು ನೋಡಿ, ಅಲ್ಲೇ ಸ್ವಾರಸ್ಯ ಇರೋದು. ಅದಿರು ತೆಗೆದದ್ದಕ್ಕೆ ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ ದರ ನಿಗದಿ ಮಾಡುವುದು ಕೇಂದ್ರ, ದುಡ್ಡು ಹೋಗುವುದು ರಾಜ್ಯಕ್ಕೆ, ದೂಳು ಉಳಿಯುವುದು ಊರಿಗೆ. 2011ರಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಹುಟ್ಟಿತು, ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆ ಅಂತ ಇರುವ ನಿಧಿ ಇದು. ಆ ತಿದ್ದುಪಡಿಗೆ ಮೊದಲೇ ಗಣಿ ಗುತ್ತಿಗೆ ಪಡೆದವರು ರಾಯಲ್ಟಿಯ ಜೊತೆಗೆ ಅದರ ಶೇ 30ರಷ್ಟನ್ನು ಇದಕ್ಕೆ ಕಟ್ಟಬೇಕು, ಹರಾಜಿನಲ್ಲಿ ಪಡೆದವರು ಶೇ 10. ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಇದರಲ್ಲಿ ಮೊದಲ ಆದ್ಯತೆ.

ಆ ದುಡ್ಡಲ್ಲಿ ನಿಮ್ಮ ಊರಿಗೆ ಏನು ಬಂತು? ಇದಕ್ಕೆ ಮೊದಲ ವಾರವೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕೊನೇ ವಾರ ಹಾಕಿದರೆ ಪ್ರಾಜೆಕ್ಟ್ ಕೊಟ್ಟಮೇಲೆ ಉತ್ತರ ಬರುತ್ತದೆ! ‘ಪೂರ್ತಿ ಮಾಹಿತಿ ಕೊಡಿ’ ಅಂತ ಬರೆಯಬೇಡಿ. ಇಂಥ ಪಂಚಾಯಿತಿ, ಇಂಥ ವರ್ಷ, ಮಂಜೂರಾದ ಕಾಮಗಾರಿ, ಖರ್ಚಾದ ಮೊತ್ತ ಅಂತ ಬಿಡಿಬಿಡಿಯಾಗಿ ಕೇಳಿ. ಕಾಯುವ ತಿಂಗಳಲ್ಲಿ ಆ ಎರಡು ದೇಶಗಳನ್ನು ಓದಿ ಮುಗಿಸಿ. ಪಟ್ಟಿ ಕೈಗೆ ಬಂದಮೇಲೆ ಊರಲ್ಲಿ ಒಂದು ಸುತ್ತು ಹಾಕಿ. ಶುದ್ಧ ನೀರಿನ ಘಟಕ ಅಂತ ಇದ್ದರೆ ಅದು ನಡೀತಿದೆಯಾ, ಬೀಗ ಬಿದ್ದಿದೆಯಾ ನೋಡಿ. ಬರೆಯೋಕೆ ಎರಡು ವಾರ ಇಟ್ಟುಕೊಳ್ಳಿ.

ರಾಯಚೂರು, ಕೊಪ್ಪಳದವರು ಇದೇ ಪ್ರಶ್ನೆ ಹಿಡಿಯಬೇಕಿಲ್ಲ. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ರಾಯಚೂರನ್ನೂ ಬ್ರಿಟಿಷ್ ಅಧಿಕಾರಿ ಥಾಮಸ್ ಮುನ್ರೋ ಕಾಲದಿಂದ ರೈತವಾರಿ (ರೈತರಿಂದ ನೇರವಾಗಿ ಕಂದಾಯ ಪಡೆಯುವ ಪದ್ಧತಿ) ಕಂಡ ಬಳ್ಳಾರಿಯನ್ನೂ ಪಕ್ಕಪಕ್ಕ ಇಟ್ಟರೆ ವಸಾಹತು ಆಡಳಿತದ ಪಾಠವೇ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ (ಟೇಲ್ ಎಂಡ್) ರೈತರಿಗೆ ನೀರು ಯಾಕೆ ತಲುಪಲ್ಲ ಅನ್ನೋದೂ ಅಪ್ಪಟ ರಾಜಕೀಯವೇ, ಅಲ್ವಾ?

ಅರ್ಜಿಗೆ ಉತ್ತರವೇ ಬರದಿದ್ದರೆ? ಅರ್ಜಿಯ ಪ್ರತಿ, ಸ್ವೀಕೃತಿಯ ತಾರೀಖು ಎರಡನ್ನೂ ಪ್ರಾಜೆಕ್ಟಿಗೆ ಅಂಟಿಸಿ. ‘ಲೆಕ್ಕ ಕೇಳುವವರು ಯಾರು’ ಅನ್ನೋ ಅಧ್ಯಾಯಕ್ಕೆ ಅದೂ ಸಾಕ್ಷಿಯೇ.